ಸಾಫ್ಟ್‌ವೇರ್ ಚಂದಾ ತಾನಾಗಿ ರಿನ್ಯೂ ಆಗಿ ದುಡ್ಡು ಕಟ್ ಆಯ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೆಲ್ಲ ಸಾಫ್ಟ್‌ವೇರ್ ಅಂದರೆ ಒಂದು ಸಿಡಿ. ಅಂಗಡಿಯಿಂದ ತಂದು ಹಾಕಿದರೆ ಮುಗಿಯಿತು. ಈಗ ಆಂಟಿವೈರಸ್, ಫೋಟೋ ಎಡಿಟಿಂಗ್, ಕ್ಲೌಡ್ ಸ್ಟೋರೇಜ್, ಮಕ್ಕಳ ಓದಿನ ಆಪ್ ಎಲ್ಲಕ್ಕೂ ಚಂದಾ. ಬೇಕು ಅಂತ ನಾವು ಒಂದೇ ಸಲ ಹೇಳಿರುತ್ತೇವೆ. ದುಡ್ಡು ಮಾತ್ರ ತಿಂಗಳು ತಿಂಗಳು, ವರ್ಷ ವರ್ಷ ಹೋಗುತ್ತಿರುತ್ತದೆ. ಮನೆಯವರು, ನೆಂಟರು, ಗೆಳೆಯರು ಈ ಬಗ್ಗೆ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಈ ಸಲ ನಾನು ಒಟಿಪಿ ಕೊಟ್ಟೇ ಇಲ್ಲ. ಆದರೂ ದುಡ್ಡು ಹೇಗೆ ಹೋಯ್ತು?

ಮೊದಲ ಸಲ ಕೊಂಡಾಗ ಒಟಿಪಿಯನ್ನೋ ಯುಪಿಐ ಪಿನ್ನನ್ನೋ ಹಾಕಿದ್ದಿರಿ, ಅಲ್ವಾ? ಆ ಒಂದೇ ಏಟಿಗೆ ಎರಡು ಕೆಲಸ ಆಗಿವೆ. ಒಂದು, ಆವತ್ತಿನ ದುಡ್ಡು ಹೋಯಿತು. ಇನ್ನೊಂದು, ಮುಂದೆಯೂ ಹೀಗೆ ತೆಗೆದುಕೊಳ್ಳಿ ಅಂತ ಬ್ಯಾಂಕಿಗೆ ಅಪ್ಪಣೆ ಹೋಯಿತು. ಈ ಅಪ್ಪಣೆಗೆ ಮ್ಯಾಂಡೇಟ್ ಅನ್ನುತ್ತಾರೆ. ಯುಪಿಐ ಆಪ್‌ಗಳಲ್ಲಿ ಇದೇ ಆಟೋಪೇ.

ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಕಾರ್ಡುಗಳಿಗೆ ಈ ನಿಯಮ ತಂದಾಗ ಒಟಿಪಿ ಇಲ್ಲದೆ ಕಟ್ ಮಾಡಬಹುದಾದ ಮಿತಿ ₹2,000 ಇತ್ತು. 2021ರಲ್ಲಿ ₹5,000 ಆಯಿತು. 2022ರ ಜೂನ್‌ನಲ್ಲಿ ₹15,000ಕ್ಕೆ ಏರಿತು. ಅದಕ್ಕಿಂತ ಜಾಸ್ತಿ ಮೊತ್ತವಾದರೆ ಪ್ರತಿ ಸಲವೂ ಒಟಿಪಿ ಬೇಕು. ಮ್ಯೂಚುವಲ್ ಫಂಡ್, ವಿಮೆ ಕಂತು, ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಮಾತ್ರ ₹1 ಲಕ್ಷದವರೆಗೆ ಬಿಟ್ಟಿದ್ದಾರೆ. ಮನೆಬಳಕೆಯ ಸಾಫ್ಟ್‌ವೇರ್ ಹೆಚ್ಚಿನವು ₹15,000ದ ಒಳಗೇ ಇರುತ್ತವೆ. ಅದಕ್ಕೇ ನಿಮ್ಮನ್ನು ಕೇಳದೆ ಹೋಗುತ್ತದೆ.

ಕೇಳುವುದು ಬೇಡ, ಕಟ್ ಮಾಡುವ ಮೊದಲು ಹೇಳುವುದಾದರೂ ಬೇಡವಾ?

ಹೇಳಲೇಬೇಕು. ಇಡೀ ವ್ಯವಸ್ಥೆಯಲ್ಲಿ ನಮಗಿರುವ ದೊಡ್ಡ ಹಕ್ಕು ಇದೇ. ದುಡ್ಡು ಕಟ್ ಆಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಎಸ್ಸೆಮ್ಮೆಸ್ ಅಥವಾ ಇಮೇಲ್ ಬರಬೇಕು. ಯಾರಿಗೆ ಹೋಗುತ್ತದೆ, ಎಷ್ಟು, ಯಾವಾಗ, ಯಾತಕ್ಕೆ ಅನ್ನುವುದು ಅದರಲ್ಲಿರಬೇಕು. ಆ ಒಂದು ಕಂತನ್ನು ಅಥವಾ ಇಡೀ ಮ್ಯಾಂಡೇಟನ್ನೇ ಬೇಡ ಅನ್ನುವ ದಾರಿಯೂ ಅದರಲ್ಲೇ ಇರಬೇಕು. ಕಟ್ ಆದ ಮೇಲೆ ಇನ್ನೊಂದು ಮೆಸೇಜ್ ಬರಬೇಕು. ಈ ಸೌಲಭ್ಯಕ್ಕೆ ಬ್ಯಾಂಕು ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅಪ್ಪ ಲ್ಯಾಪ್‌ಟಾಪ್ ಕೊಂಡಾಗ ಒಂದು ಆಂಟಿವೈರಸ್ ಹಾಕಿಸಿಕೊಂಡಿದ್ದರು. ಆ ಲ್ಯಾಪ್‌ಟಾಪ್ ಕೆಟ್ಟು ಮೂಲೆ ಸೇರಿತು. ಒಂದು ದಿನ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದವರು ಕನ್ನಡಕ ಹಾಕಿಕೊಂಡು, "ಇದೇನೋ ₹1,899, ಹೋದ ವರ್ಷವೂ ಇದೆ ನೋಡು" ಅಂದರು. ಬ್ಯಾಂಕಿನವರು ಮೆಸೇಜ್ ಕಳಿಸಿಲ್ಲ ಅಂತ ನನಗೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಖಾತೆಗೆ ಕೊಟ್ಟಿದ್ದು ಅಪ್ಪನ ಹಳೆಯ ಕೀಪ್ಯಾಡ್ ಫೋನಿನ ನಂಬರ್. ಬೀರುವಿನಿಂದ ಅದನ್ನು ತೆಗೆದು ನೋಡಿದರೆ ಎರಡೂ ವರ್ಷದ ಮೆಸೇಜ್ ಅದರಲ್ಲೇ ಇದ್ದವು, ತೆರೆಯದೆ. ಕಳಿಸುವವರು ಕಳಿಸಿದ್ದಾರೆ, ಓದಬೇಕಾದವರ ಕಣ್ಣಿಗೆ ಬಿದ್ದಿಲ್ಲ. ಕಂಪನಿಗೆ ಬರೆದ ಮೇಲೆ ಆ ವರ್ಷದ ದುಡ್ಡು ವಾಪಸ್ ಬಂತು. ಹಿಂದಿನ ವರ್ಷದ್ದು ಬರಲಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಮೊದಲು ಕೇಳುವುದು ಒಂದೇ: ಬ್ಯಾಂಕಿನಲ್ಲಿರುವ ನಂಬರ್ ಯಾವುದು, ಆ ಫೋನನ್ನು ದಿನಾ ಯಾರು ನೋಡುತ್ತಾರೆ? ವಯಸ್ಸಾದ ಅಪ್ಪ ಅಮ್ಮ ಇರುವ ಮನೆಯಲ್ಲಿ ಇದನ್ನು ಇವತ್ತೇ ನೋಡಿ. ಇಮೇಲ್ ಮಾತ್ರ ಕೊಟ್ಟಿದ್ದರೆ ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ.

"ಬರೀ ₹1ಕ್ಕೆ 7 ದಿನ ಟ್ರಯಲ್" ಅಂತಿತ್ತು. ಎಂಟನೇ ದಿನ ₹999 ಹೋಯ್ತು. ಇದು ಸರಿಯಾ?

ಆ ₹1ರ ಉದ್ದೇಶ ಮ್ಯಾಂಡೇಟ್ ಪಡೆಯುವುದು. ಪಿನ್ ಹಾಕುವ ಮೊದಲು ಬರುವ ಪರದೆಯನ್ನು ನಿಧಾನವಾಗಿ ಓದಿ. ಮೇಲೆ ದಪ್ಪಕ್ಷರದಲ್ಲಿ ₹1 ಇರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವ ತಾರೀಖಿನವರೆಗೆ ಅಂತ ಇರುತ್ತದೆ. ಚಂದಾ ತಿಂಗಳಿಗೆ ₹299 ಇದ್ದರೂ ಮ್ಯಾಂಡೇಟ್ "₹5,000ದವರೆಗೆ" ಅಂತ ಇರಬಹುದು. ಮುಗಿಯುವ ತಾರೀಖು ಹತ್ತಾರು ವರ್ಷ ಮುಂದೆ ಇರಬಹುದು.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಆಟಗಳನ್ನು ಅದು ಪಟ್ಟಿ ಮಾಡಿದೆ. ಫ್ರೀ ಚಂದಾ ಕೊಡುವುದಕ್ಕೂ ಕಾರ್ಡ್ ವಿವರ ಅಥವಾ ಆಟೋ ಡೆಬಿಟ್ ಒಪ್ಪಿಗೆ ಕೊಡಲೇಬೇಕು ಅಂತ ಒತ್ತಾಯ ಮಾಡುವುದು ಅದರಲ್ಲಿ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಅನ್ನುವ ಬಗೆ. ಫ್ರೀ ಟ್ರಯಲ್ ಮುಗಿದು ಚಂದಾ ಶುರುವಾಗುವಾಗ ತಿಳಿಸದಿರುವುದು, ಸದ್ದಿಲ್ಲದೆ ಖಾತೆಯಿಂದ ಕಟ್ ಮಾಡುವುದು ಇನ್ನೊಂದು ಬಗೆ. ಎರಡೂ ಆ ಪಟ್ಟಿಯಲ್ಲಿವೆ. ಆದ್ದರಿಂದ ದೂರು ಕೊಡುವಾಗ ಈ ಹೆಸರನ್ನು ಹಿಡಿದೇ ಬರೆಯಿರಿ. ಸುಮ್ನೆ "ಮೋಸ ಆಗಿದೆ" ಅನ್ನುವುದಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಪಾವತಿ ಪುಟದಲ್ಲಿ ಆಟೋ ರಿನ್ಯೂವಲ್ ಬಾಕ್ಸಿಗೆ ಮೊದಲೇ ಟಿಕ್ ಹಾಕಿತ್ತು. ಅದು ನನ್ನ ಒಪ್ಪಿಗೆಯಾ?

ಅಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಖರೀದಿಗೆ ಗ್ರಾಹಕ ತಾನೇ ಕೈಯಾರೆ ಒಪ್ಪಬೇಕು. ಮೊದಲೇ ಟಿಕ್ ಹಾಕಿಟ್ಟ ಬಾಕ್ಸನ್ನು ಒಪ್ಪಿಗೆ ಅಂತ ದಾಖಲಿಸುವಂತಿಲ್ಲ. ಇಂಥ ಪುಟ ಕಂಡರೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.

ಆಪ್ ಅನ್‌ಇನ್‌ಸ್ಟಾಲ್ ಮಾಡಿದ್ದೇನೆ. ಅಷ್ಟು ಸಾಲದಾ?

ಸಾಲದು. ತುಂಬಾ ಜನ ಎಡವುವುದು ಇಲ್ಲೇ. ಆಪ್ ತೆಗೆದರೆ ಫೋನಿನಿಂದ ಅದರ ಚಿತ್ರ ಹೋಗುತ್ತದೆ, ಅಷ್ಟೇ. ಚಂದಾ ಹಾಗೇ ಇರುತ್ತದೆ. ಕಾರ್ಡ್ ಬ್ಲಾಕ್ ಮಾಡಿಸಿದರೆ ಆಯಿತು ಅಂತಲೂ ನಂಬಬೇಡಿ. ಕಂಪನಿಯ ಲೆಕ್ಕದಲ್ಲಿ ನೀವಿನ್ನೂ ಚಂದಾದಾರರೇ.

ಹಾಗಾದರೆ ಸರಿಯಾಗಿ ನಿಲ್ಲಿಸುವುದು ಹೇಗೆ?

ಇಲ್ಲಿ ಎರಡು ಎಳೆಗಳಿವೆ. ನಿಮಗೂ ಕಂಪನಿಗೂ ನಡುವಿನ ಒಪ್ಪಂದ ಒಂದು ಎಳೆ. ನಿಮಗೂ ಬ್ಯಾಂಕಿಗೂ ನಡುವಿನ ಮ್ಯಾಂಡೇಟ್ ಇನ್ನೊಂದು. ಎರಡನ್ನೂ ಕತ್ತರಿಸಬೇಕು.

ಮೊದಲು ಕಂಪನಿಯ ಕಡೆ. ಅವರ ಜಾಲತಾಣದಲ್ಲೇ ಕೊಂಡಿದ್ದರೆ ಅಲ್ಲಿಯೇ ಲಾಗಿನ್ ಆಗಿ ಬಿಲ್ಲಿಂಗ್ ವಿಭಾಗದಲ್ಲಿ ಕ್ಯಾನ್ಸಲ್ ಮಾಡಿ. ಪ್ಲೇ ಸ್ಟೋರ್ ಮೂಲಕ ಕೊಂಡಿದ್ದರೆ ಮೇಲಿನ ಮೂಲೆಯ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, 'ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್' ಒಳಗೆ ಹೋಗಿ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ 'ಸಬ್‌ಸ್ಕ್ರಿಪ್ಷನ್ಸ್' ಸಿಗುತ್ತದೆ. ಆಪಲ್‌ನ ಫ್ರೀ ಟ್ರಯಲ್ ಆಗಿದ್ದರೆ ಮುಗಿಯುವುದಕ್ಕೆ ಒಂದು ದಿನ ಮೊದಲೇ ನಿಲ್ಲಿಸಿ, ಕೊನೇ ಗಳಿಗೆಗೆ ಕಾಯಬೇಡಿ. ಕ್ಯಾನ್ಸಲ್ ಆಯಿತು ಅಂತ ಇಮೇಲ್ ಬಂದಿದೆಯಾ ನೋಡಿ. ಬರದಿದ್ದರೆ ಆ ಪರದೆಯ ಚಿತ್ರ ತೆಗೆದಿಡಿ.

ಆಮೇಲೆ ದುಡ್ಡಿನ ಕಡೆ. ಗೂಗಲ್ ಪೇ, ಫೋನ್‌ಪೇ ಥರದ ಆಪ್‌ಗಳಲ್ಲಿ ಪ್ರೊಫೈಲ್ ಒಳಗೆ ಆಟೋಪೇ ಅಂತ ಇರುತ್ತದೆ. ಅಲ್ಲಿ ಯಾರ್‍ಯಾರಿಗೆ ಅಪ್ಪಣೆ ಕೊಟ್ಟಿದ್ದೀರಿ ಅಂತ ಪಟ್ಟಿ ಸಿಗುತ್ತದೆ. ಮೊದಲ ಸಲ ನೋಡಿದಾಗ ನಾನಂತೂ ಬೆಚ್ಚಿದೆ. ಮರೆತೇಹೋಗಿದ್ದ ಎರಡು ಹೆಸರು ಅಲ್ಲಿದ್ದವು. ಕಾರ್ಡಿನದ್ದಾದರೆ ನೆಟ್ ಬ್ಯಾಂಕಿಂಗ್‌ನಲ್ಲಿ 'ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್' ಅಥವಾ 'ಇ-ಮ್ಯಾಂಡೇಟ್' ಅಂತ ಹುಡುಕಿ. ಕೆಲವು ಬ್ಯಾಂಕುಗಳು ಇದನ್ನು ಎಸ್‌ಐ ಹಬ್ ಅನ್ನುವ ತಾಣದ ಮೂಲಕ ನಡೆಸುತ್ತವೆ. ಮ್ಯಾಂಡೇಟನ್ನು ಯಾವಾಗ ಬೇಕಾದರೂ ರದ್ದು ಮಾಡುವ ಹಕ್ಕು ನಿಮ್ಮದು. ಕಂಪನಿಯ ಅನುಮತಿ ಬೇಕಿಲ್ಲ.

ಮ್ಯಾಂಡೇಟ್ ಮಾತ್ರ ರದ್ದು ಮಾಡಿ ಕಂಪನಿಗೆ ಹೇಳದೆ ಬಿಟ್ಟರೆ, ವರ್ಷದ ಒಪ್ಪಂದಕ್ಕೆ ತಿಂಗಳ ಕಂತು ಕಟ್ಟುವ ಪ್ಲಾನ್‌ಗಳಲ್ಲಿ ಬಾಕಿ ಅಂತ ಇಮೇಲ್ ಬರತೊಡಗುತ್ತದೆ. ಕೊಳ್ಳುವಾಗಲೇ ಇದು ತಿಂಗಳ ಪ್ಲಾನೋ, ವರ್ಷದ ಪ್ಲಾನಿನ ತಿಂಗಳ ಕಂತೋ ಅಂತ ನೋಡಿ. ಎರಡೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ.

ಕ್ಯಾನ್ಸಲ್ ಬಟನ್ ಸಿಗುತ್ತಲೇ ಇಲ್ಲ. ಚಾಟ್‌ನಲ್ಲಿ ಕೂತರೆ "ಇನ್ನೊಂದು ತಿಂಗಳು ಅರ್ಧ ಬೆಲೆ" ಅಂತಾರೆ.

ಇದೂ ಸಬ್‌ಸ್ಕ್ರಿಪ್ಷನ್ ಟ್ರ್ಯಾಪೇ. ಕ್ಯಾನ್ಸಲ್ ಮಾಡುವ ಜಾಗವನ್ನು ಅಡಗಿಸುವುದು, ದಾರಿಯನ್ನು ಸುತ್ತುಬಳಸು ಮಾಡುವುದು, ಅರ್ಥವಾಗದ ಹಾಗೆ ಬರೆಯುವುದು ಎಲ್ಲವನ್ನೂ ಮಾರ್ಗಸೂಚಿ ಹೆಸರಿಸಿದೆ. ಸೇರಲು ಎರಡು ಒತ್ತು ಸಾಕು, ಬಿಡಲು ಅರ್ಧ ಗಂಟೆ ಚಾಟ್ ಬೇಕು ಅನ್ನುವುದು ನ್ಯಾಯವಲ್ಲ. ಹುಡುಕಾಡಿ ಸುಸ್ತಾಗುವ ಬದಲು ದೂರು ನೋಡಿಕೊಳ್ಳುವ ಅವರ ಗ್ರೀವನ್ಸ್ ಆಫೀಸರ್‌ಗೆ ನೇರವಾಗಿ ಇಮೇಲ್ ಮಾಡಿ. ಇ-ಕಾಮರ್ಸ್ ತಾಣಗಳು ಈ ಅಧಿಕಾರಿಯ ಹೆಸರು, ಸಂಪರ್ಕ ವಿವರ ಹಾಕಲೇಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು.

ಕೇಳದೆ ಬೆಲೆ ಏರಿಸಿಬಿಟ್ಟಿದ್ದಾರೆ. ತಡೆಯಬಹುದಾ?

ಮ್ಯಾಂಡೇಟ್ ಇಂತಿಷ್ಟೇ ಅಂತ ಇದ್ದರೆ ಅದಕ್ಕಿಂತ ಜಾಸ್ತಿ ಕಟ್ ಆಗುವಂತಿಲ್ಲ, ಹೊಸ ಒಪ್ಪಿಗೆ ಬೇಕು. "ಇಷ್ಟರವರೆಗೆ" ಅಂತ ಇದ್ದರೆ ಆ ಗೆರೆಯೊಳಗೆ ಏರಿಸಿದ್ದು ನಿಮ್ಮ ಒಟಿಪಿ ಇಲ್ಲದೆಯೇ ಹೋಗುತ್ತದೆ. ಮೊದಲೇ ಬರುವ ಮೆಸೇಜಿನಲ್ಲಿ ಹೊಸ ಮೊತ್ತ ಇರುತ್ತದೆ. ಕಾರ್ಡ್ ಮ್ಯಾಂಡೇಟಿನಲ್ಲಿ ಮೊತ್ತ ಬದಲಾಗುವಂತಿದ್ದರೆ ಗರಿಷ್ಠ ಎಷ್ಟು ಅಂತ ನಿಗದಿ ಮಾಡುವ ಅವಕಾಶ ನಿಮಗಿರಬೇಕು. ಅದನ್ನು ಚಂದಾ ಬೆಲೆಯ ಹತ್ತಿರವೇ ಇಡಿ.

ಕಟ್ ಆದ ದುಡ್ಡು ವಾಪಸ್ ಬರುತ್ತಾ?

ಸುಳ್ಳು ಭರವಸೆ ಕೊಡಲಾರೆ. ಇಂತಿಷ್ಟು ದಿನದೊಳಗೆ ಬೇಡ ಅಂದರೆ ಆನ್‌ಲೈನ್ ಚಂದಾದ ದುಡ್ಡು ವಾಪಸ್ ಕೊಡಲೇಬೇಕು ಅನ್ನುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಕಂಪನಿಯ ರೀಫಂಡ್ ನಿಯಮ ಏನು ಹೇಳುತ್ತದೋ ಅದೇ ಮೊದಲ ಆಧಾರ. ಆದರೆ ಎಷ್ಟೋ ಕಂಪನಿಗಳು ರಿನ್ಯೂ ಆದ ಸ್ವಲ್ಪ ದಿನದೊಳಗೆ, ಬಳಸಿಲ್ಲ ಅಂತ ಬರೆದರೆ ಕೊಡುತ್ತವೆ. ಕೇಳುವುದಕ್ಕೆ ಸಂಕೋಚ ಬೇಡ. ಪ್ಲೇ ಸ್ಟೋರ್ ಖರೀದಿಯಾದರೆ 48 ಗಂಟೆಯೊಳಗೆ ಗೂಗಲ್‌ಗೇ ಕೇಳಿ. ಅದು ದಾಟಿದರೆ ಆಪ್ ಮಾಡಿದವರನ್ನು ಕೇಳಬೇಕಾಗುತ್ತದೆ. ಆಪಲ್‌ನಲ್ಲಿ 'ರಿಪೋರ್ಟ್ ಎ ಪ್ರಾಬ್ಲಮ್' ಪುಟವಿದೆ.

ಎರಡು ಸಂದರ್ಭದಲ್ಲಿ ನಿಮ್ಮ ಕೈ ಗಟ್ಟಿ. ಕ್ಯಾನ್ಸಲ್ ಮಾಡಿದ ಮೇಲೂ ಕಟ್ ಆಗಿದ್ದರೆ ಒಂದು. ಸೇವೆಯೇ ಸರಿ ಇಲ್ಲದಿದ್ದರೆ ಇನ್ನೊಂದು. ಸೇವೆಯಲ್ಲಿ ಕೊರತೆ ಇದ್ದು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ದುಡ್ಡು ವಾಪಸ್ ಕೊಡದಿದ್ದರೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಕೊಡದಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ.

ಬ್ಯಾಂಕಿನವರು "ನೀವೇ ಒಪ್ಪಿದ್ದು, ನಮಗೆ ಸಂಬಂಧ ಇಲ್ಲ" ಅಂತಾರೆ.

ಅರ್ಧ ಸರಿ. ಚಂದಾ ಬೇಕೋ ಬೇಡವೋ ಅನ್ನುವುದು ನಿಮ್ಮ, ಕಂಪನಿಯ ವಿಷಯ. ಆದರೆ ಮುಂಚಿತ ಮೆಸೇಜ್ ಬರಲಿಲ್ಲ, ಮ್ಯಾಂಡೇಟ್ ರದ್ದು ಮಾಡಿದರೂ ಕಟ್ ಆಯಿತು, ಮಿತಿ ಮೀರಿ ಕಟ್ ಆಯಿತು ಅನ್ನುವುದು ಬ್ಯಾಂಕಿನ ಹೊಣೆ. ಬಾಯಿಮಾತಿನಲ್ಲಿ ಬಿಡಬೇಡಿ, ಬರಹದಲ್ಲಿ ದೂರು ಕೊಟ್ಟು ನಂಬರ್ ಪಡೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಒಪ್ಪುವಂತಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಅವರ ಸಿಎಂಎಸ್ ತಾಣದಲ್ಲಿ ದೂರು ಹಾಕಬಹುದು. ಅದಕ್ಕೆ ಖರ್ಚಿಲ್ಲ. ಮಾಹಿತಿಗೆ 14448 ಇದೆ.

1915ಕ್ಕೆ ಫೋನ್ ಮಾಡಿದರೆ ಏನಾಗುತ್ತದೆ?

ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ದೂರನ್ನು ದಾಖಲಿಸಿಕೊಂಡು ಕಂಪನಿಗೆ ಕಳಿಸುತ್ತಾರೆ. ಅವರು ತೀರ್ಪು ಕೊಡುವವರಲ್ಲ, ನಡುವೆ ನಿಂತು ಬಗೆಹರಿಸುವವರು. ಆದರೂ ನಿಮ್ಮ ಮೂರು ಇಮೇಲ್‌ಗೆ ಉತ್ತರ ಕೊಡದವರು ಸರ್ಕಾರದ ಕಡೆಯಿಂದ ಪತ್ರ ಹೋದಾಗ ಕೊಡುವುದುಂಟು. ಫೋನ್ ಮಾಡುವ ಮೊದಲು ಬಿಲ್, ಕಟ್ ಆದ ತಾರೀಖು, ವಹಿವಾಟಿನ ನಂಬರ್ ಕೈಯಲ್ಲಿರಲಿ.

ಅಷ್ಟಕ್ಕೂ ಆಗದಿದ್ದರೆ ಗ್ರಾಹಕರ ಕೋರ್ಟು. ₹1,500ಕ್ಕೆ ಅಲ್ಲಿಗೆ ಹೋಗುವುದು ಹೌದಾ?

ಹೋಗಬಹುದು. ಲಾಯರ್ ಬೇಕೇಬೇಕು ಅಂತಿಲ್ಲ. ಕೊಟ್ಟ ಬೆಲೆ ₹5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ. ಕಂಪನಿ ಮುಂಬೈನಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ಕೊಟ್ಟ ಬಲ ಇದು. ಹಾವೇರಿಯವರು ಹಾವೇರಿಯಲ್ಲಿ, ರಾಯಚೂರಿನವರು ರಾಯಚೂರಿನಲ್ಲಿ. ಆನ್‌ಲೈನ್‌ನಲ್ಲಿ ಇ-ಜಾಗೃತಿ ತಾಣದ ಮೂಲಕವೂ ಸಲ್ಲಿಸಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಕೊಡಬೇಕು.

"ಷರತ್ತಿನಲ್ಲಿ ಆರ್ಬಿಟ್ರೇಷನ್ ಅಂತಿದೆ, ಕೋರ್ಟಿಗೆ ಹೋಗುವ ಹಾಗಿಲ್ಲ" ಅಂತ ಕಂಪನಿಯವರು ಹೆದರಿಸಬಹುದು. ಆರ್ಬಿಟ್ರೇಷನ್ ಅಂದರೆ ಕೋರ್ಟಿನ ಬದಲು ಮಧ್ಯಸ್ಥರು ವಿವಾದ ತೀರ್ಮಾನಿಸುವುದು. ಅಂಥ ಷರತ್ತು ಗ್ರಾಹಕ ವೇದಿಕೆಯ ಬಾಗಿಲು ಮುಚ್ಚುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಅಂಗಡಿಯ ಬಿಲ್ಲಿಂಗ್‌ಗೆ ಕೊಂಡ ಸಾಫ್ಟ್‌ವೇರ್ ಆದರೆ?

ವ್ಯಾಪಾರದ ಉದ್ದೇಶಕ್ಕೆ ಕೊಂಡರೆ ಕಾಯ್ದೆಯ ಲೆಕ್ಕದಲ್ಲಿ 'ಗ್ರಾಹಕ' ಅಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸುವವರಿಗೆ ರಿಯಾಯಿತಿ ಇದೆ. ಒಬ್ಬರೇ ಕೂತು ಡಿಟಿಪಿ ಮಾಡುವವರು, ಮದುವೆ ಫೋಟೋ ತೆಗೆಯುವವರು, ಮನೆಯಲ್ಲಿ ಟ್ಯೂಷನ್ ಹೇಳುವವರು ದೂರಿನಲ್ಲಿ ಇದನ್ನು ಮೊದಲೇ ಬರೆಯಬೇಕು. ಎಷ್ಟೋ ಜನ ಬರೆಯದೆ ಸೋಲುತ್ತಾರೆ ಅನ್ನುವ ಬೇಸರ ನನಗಿದೆ.

ಕಂಪನಿ ಹೊರದೇಶದ್ದು. ನಮ್ಮ ಕಾನೂನು ಅದಕ್ಕೆ ತಾಗುತ್ತದಾ?

ಭಾರತದ ಗ್ರಾಹಕರಿಗೆ ನಿರಂತರವಾಗಿ ಸೇವೆ ಮಾರುವ ಕಂಪನಿ ಎಲ್ಲೇ ಇರಲಿ, ಇ-ಕಾಮರ್ಸ್ ನಿಯಮ ಮತ್ತು ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಎರಡೂ ಅನ್ವಯಿಸುತ್ತವೆ. ಇಲ್ಲಿಯ ಬ್ಯಾಂಕ್ ಕೊಟ್ಟ ಕಾರ್ಡಿನಿಂದ ಕಟ್ಟಿದರೆ ಮ್ಯಾಂಡೇಟ್ ನಿಯಮವೂ ಅನ್ವಯಿಸುತ್ತದೆ. ಬಿಲ್ ಡಾಲರ್‌ನಲ್ಲಿದ್ದರೆ ಬ್ಯಾಂಕಿನ ವಿನಿಮಯ ಶುಲ್ಕ ಬೇರೆ ಸೇರುವುದನ್ನೂ ನೆನಪಿಡಿ.

ನಾವು ವಿದೇಶದಲ್ಲಿದ್ದೇವೆ. ನಮಗೆ?

ಅಲ್ಲಿಯ ಕಾರ್ಡ್ ಆದರೆ ಅಲ್ಲಿಯ ಕಾನೂನು. ಜರ್ಮನಿಯಲ್ಲಿ 2022ರ ಜುಲೈನಿಂದ ಜಾಲತಾಣದಲ್ಲೇ ಕ್ಯಾನ್ಸಲ್ ಬಟನ್ ಇಡುವುದು ಕಡ್ಡಾಯ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಆಂಟಿವೈರಸ್ ಕಂಪನಿಗಳ ಆಟೋ ರಿನ್ಯೂವಲ್ ಬಗ್ಗೆ ತನಿಖೆ ಮಾಡಿತು. ತಾನಾಗಿ ರಿನ್ಯೂ ಆದವರಿಗೆ ಬಳಸದೆ ಉಳಿದ ಅವಧಿಯ ದುಡ್ಡು ವಾಪಸ್ ಕೊಡುವುದಾಗಿ ಮ್ಯಾಕಫಿ, ನಾರ್ಟನ್ ಎರಡೂ 2021ರಲ್ಲಿ ಒಪ್ಪಿಕೊಂಡವು. ಅಮೆರಿಕದಲ್ಲಿ ಸುಲಭವಾಗಿ ಕ್ಯಾನ್ಸಲ್ ಮಾಡಲು ಬಿಡಬೇಕೆಂಬ ಫೆಡರಲ್ ನಿಯಮವನ್ನು 2025ರ ಜುಲೈನಲ್ಲಿ ಕೋರ್ಟ್ ರದ್ದು ಮಾಡಿತು. ಆದರೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಿಗೆ ತಮ್ಮದೇ ಕಾನೂನಿದೆ.

"ನಿಮ್ಮ ಆಂಟಿವೈರಸ್ ₹24,999ಕ್ಕೆ ರಿನ್ಯೂ ಆಗಿದೆ, ಬೇಡವಾದರೆ ಈ ನಂಬರಿಗೆ ಕರೆ ಮಾಡಿ" ಅಂತ ಇಮೇಲ್ ಬಂದಿದೆ.

ಕರೆ ಮಾಡಬೇಡಿ! ಇದು ರಿನ್ಯೂವಲ್ ಅಲ್ಲ, ವಂಚನೆ. ಗಾಬರಿಯಲ್ಲಿ ಫೋನ್ ಮಾಡಿದರೆ "ರೀಫಂಡ್ ಕೊಡ್ತೀವಿ, ಈ ಆಪ್ ಹಾಕ್ಕೊಳ್ಳಿ" ಅಂತ ನಿಮ್ಮ ಪರದೆಯನ್ನೇ ವಶಕ್ಕೆ ತೆಗೆದುಕೊಳ್ಳುತ್ತಾರೆ. ದುಡ್ಡು ವಾಪಸ್ ಪಡೆಯುವುದಕ್ಕೆ ಒಟಿಪಿಯೂ ಬೇಕಿಲ್ಲ, ಪಿನ್ನೂ ಬೇಕಿಲ್ಲ. ನಿಜವಾಗಿ ಕಟ್ ಆಗಿದೆಯಾ ಅಂತ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನೋಡಿ. ಈಗಾಗಲೇ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕಂಪನಿಗೆ ಇಮೇಲ್ ಹೇಗೆ ಬರೆಯುವುದು?

ಚಿಕ್ಕದಾಗಿ, ತಾರೀಖಿನ ಸಮೇತ ಬರೆಯಿರಿ. ಬೈಗುಳ ಬೇಡ. ಅಪ್ಪನ ಪರವಾಗಿ ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು. ನಿಮ್ಮ ವಿವರ ಸೇರಿಸಿ ಬಳಸಿ. ಕಂಪನಿಯವರಿಗೆ ಕನ್ನಡ ಬರುವುದಿಲ್ಲವೆಂದರೆ ಇಂಗ್ಲಿಷಿಗೆ ತಿರುಗಿಸಿಕೊಳ್ಳಿ.

"ಇಂಥ ತಾರೀಖಿನಂದು ನನ್ನ ಖಾತೆಯಿಂದ ₹____ ಕಟ್ ಆಗಿದೆ. ವಹಿವಾಟಿನ ನಂಬರ್ ____. ಈ ಸಾಫ್ಟ್‌ವೇರನ್ನು ಇಂಥ ತಿಂಗಳಿನಿಂದ ನಾನು ಬಳಸಿಲ್ಲ. ನಿಮ್ಮ ದಾಖಲೆಯಲ್ಲೇ ಅದನ್ನು ನೋಡಬಹುದು. ಚಂದಾವನ್ನು ಇಂದಿನಿಂದ ರದ್ದು ಮಾಡಿ, ಆಟೋ ರಿನ್ಯೂವಲ್ ನಿಲ್ಲಿಸಿ, ಮೊತ್ತವನ್ನು ಅದೇ ಖಾತೆಗೆ ವಾಪಸ್ ಹಾಕಿ. ರದ್ದಾದ ಬಗ್ಗೆ ಬರಹದಲ್ಲಿ ತಿಳಿಸಿ. ಒಂದು ತಿಂಗಳೊಳಗೆ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ನಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೂ ದೂರು ಕೊಡುತ್ತೇನೆ."

ಜೊತೆಗೆ ಸ್ಟೇಟ್‌ಮೆಂಟಿನ ಆ ಒಂದು ಸಾಲಿನ ಚಿತ್ರ ಲಗತ್ತಿಸಿ. ಉಳಿದ ಸಾಲುಗಳನ್ನು ಮುಚ್ಚಿ.